ಫೋಟೋದ ಬೆನ್ನನ್ನೂ ಉಳಿಸಿ: ಹಳೆಯ ಪತ್ರಿಕಾ ಫೋಟೋಗಳನ್ನು ಕಾಪಾಡುವ ಸಮಗ್ರ ಮಾರ್ಗದರ್ಶಿ

ನನ್ನ ಮೇಜಿನ ಮೇಲೆ ಈಗ ಒಂದು ಕಪ್ಪು-ಬಿಳುಪು ಪ್ರಿಂಟ್ ಇದೆ. ಎಂಟು ಬೈ ಹತ್ತು ಇಂಚು. ಹೊಸ ಸೇತುವೆಯ ಉದ್ಘಾಟನೆ. ಮಂತ್ರಿಗಳು ಟೇಪು ಕತ್ತರಿಸುತ್ತಿದ್ದಾರೆ. ಅವರ ಸುತ್ತ ಯಾರೋ ಕೆಂಪು ಪೆನ್ಸಿಲ್‌ನಲ್ಲಿ ಚೌಕ ಎಳೆದಿದ್ದಾರೆ. ಪತ್ರಿಕೆಯಲ್ಲಿ ಅಚ್ಚಾಗಿದ್ದು ಆ ಚೌಕದೊಳಗಿನ ಭಾಗ ಮಾತ್ರ. ಚೌಕದ ಹೊರಗೆ, ಎಡಗಡೆ, ಏಳು ಜನ ಹೆಂಗಸರು ನಿಂತಿದ್ದಾರೆ. ತಲೆಯ ಮೇಲೆ ಸಿಂಬಿ, ಕೈಯಲ್ಲಿ ಖಾಲಿ ಬಾಂಡ್ಲಿ. ಆ ಸೇತುವೆಗೆ ಗಾರೆ ಹೊತ್ತವರು ಅವರು.

ತಿರುಗಿಸಿದರೆ ಹಿಂದೆ ಒಂದು ಚೀಟಿ ಅಂಟಿಸಿದೆ. ಟೈಪ್ ಮಾಡಿದ ಮೂರು ಸಾಲು, ಪತ್ರಿಕೆಯ ನೇರಳೆ ಬಣ್ಣದ ಸೀಲು, ಬ್ಲಾಕ್ (ಫೋಟೋ ಅಚ್ಚು ಹಾಕಲು ಬೇಕಾದ ಲೋಹದ ಪಡಿಯಚ್ಚು) ಮಾಡುವವರಿಗಾಗಿ ಪೆನ್ಸಿಲ್‌ನಲ್ಲಿ ಬರೆದ "3 ಕಾಲಂ" ಎಂಬ ಸೂಚನೆ. ಈ ಚೀಟಿ ಬಿದ್ದುಹೋಗಿದ್ದರೆ ಇದು ಯಾವ ಊರಿನ ಯಾವ ಸೇತುವೆ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ.

ಒಂದು ಜಿಲ್ಲಾ ಪತ್ರಿಕೆಯ ಹಳೆಯ ಫೋಟೋಗಳನ್ನು ಕೆಲವು ವರ್ಷಗಳಿಂದ ಜೋಡಿಸುತ್ತಿದ್ದೇನೆ. ಈ ಕೆಲಸದಲ್ಲಿ ಕಲಿತದ್ದು ಇದು: ಕಾಗದ ಹಾಳಾಗುವುದಕ್ಕಿಂತ ಮೊದಲು ಮಾಹಿತಿ ಕಳೆದುಹೋಗುತ್ತದೆ. ಡಾರ್ಕ್ ರೂಮಿನಲ್ಲಿ ಹೈಪೋ (ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕ) ಪೂರ್ತಿ ಹೋಗುವ ಹಾಗೆ ತೊಳೆದ ಬ್ರೋಮೈಡ್ ಪ್ರಿಂಟ್ ನೂರು ವರ್ಷ ಬಾಳುತ್ತದೆ. ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಅಷ್ಟು ದಿನ ಇರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕಾಗದದ ಆರೈಕೆಯಷ್ಟೇ ಜಾಗ ಮಾತಿಗೂ ಕೊಟ್ಟಿದ್ದೇನೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರಂಥ ಹೆಸರಾಂತ ಛಾಯಾಗ್ರಾಹಕರ ಕೆಲಸ ಪುಸ್ತಕ, ಪ್ರದರ್ಶನಗಳ ಮೂಲಕ ಉಳಿದಿದೆ. ಆದರೆ ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೋ ಇಟ್ಟುಕೊಂಡು, ಮದುವೆ ಫೋಟೋ ತೆಗೆಯುತ್ತಲೇ ಪತ್ರಿಕೆಗೂ ಫೋಟೋ ಕಳಿಸುತ್ತಿದ್ದವರು ನೂರಾರು ಜನ. ಅವರ ನೆಗೆಟಿವ್‌ಗಳು ಅಟ್ಟದ ಮೇಲೆ, ಗೋಣಿಚೀಲದಲ್ಲಿ ಇವೆ. ಅಂಥ ಒಂದು ಚೀಲ ನಿಮ್ಮ ಮನೆಯಲ್ಲೋ, ಕಾಲೇಜಿನ ಲೈಬ್ರರಿಯಲ್ಲೋ, ಪರಿಚಯದ ಪತ್ರಿಕಾ ಕಚೇರಿಯಲ್ಲೋ ಇದ್ದರೆ ಮುಂದೆ ಓದಿ.

ಹಂತ 1: ಮೊದಲ ದಿನ ಏನನ್ನೂ ಸರಿಪಡಿಸಬೇಡಿ

ಧೂಳು ಹಿಡಿದ ಕಟ್ಟು ಕಂಡ ಕೂಡಲೇ ಬಿಚ್ಚಿ, ಒರೆಸಿ, ಚಂದದ ಆಲ್ಬಮ್ಮಿಗೆ ಹಾಕೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ನಾನು ನೋಡಿದ ಒಂದು ಕಚೇರಿಯಲ್ಲಿ ಹೀಗೇ ಆಯಿತು. ಹಳೆಯ ಕಂದು ಕವರುಗಳಿಂದ ನೆಗೆಟಿವ್ ತೆಗೆದು ಹೊಸ ಪ್ಲಾಸ್ಟಿಕ್ ಹಾಳೆಗಳಿಗೆ ಹಾಕಿದರು. ಕವರುಗಳು ಕಸಕ್ಕೆ ಹೋದವು. ತಾರೀಕು, ಊರು, ಕಾರ್ಯಕ್ರಮದ ಹೆಸರು ಎಲ್ಲ ಬರೆದಿದ್ದು ಆ ಕವರಿನ ಮೇಲೆ. ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳು ಒಂದೇ ಮಧ್ಯಾಹ್ನದಲ್ಲಿ ಗುರುತಿಲ್ಲದಂತಾದವು.

ಮೊದಲು ಇದ್ದ ಹಾಗೇ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಬೀರು, ಅದರ ಒಂದೊಂದು ಅರೆ, ಒಂದೊಂದು ಕಟ್ಟು. ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಸುಳಿವೇ. ಒಂದೇ ಕವರಿನ 36 ಫ್ರೇಮುಗಳಲ್ಲಿ ಒಂದರ ತಾರೀಕು ಗೊತ್ತಾದರೆ ಉಳಿದ 35ರದ್ದೂ ಹೆಚ್ಚುಕಮ್ಮಿ ಗೊತ್ತಾದಂತೆ.

ಆಮೇಲೆ ಒಂದು ಖಾಲಿ ಮೇಜು, ಅದರ ಮೇಲೆ ಬಿಳಿ ಕಾಗದ. ಹತ್ತಿರದಲ್ಲಿ ಕಾಫಿ, ನೀರು, ಪೆನ್ನು ಇರಬಾರದು. ಪ್ರಿಂಟನ್ನು ಅಂಚಿನಲ್ಲಿ ಹಿಡಿಯಿರಿ. ಕೈ ತೊಳೆದು ಚೆನ್ನಾಗಿ ಒಣಗಿಸಿದ್ದರೆ ಸಾಕು. ನೆಗೆಟಿವ್ ಮುಟ್ಟುವಾಗ ಮಾತ್ರ ನೈಟ್ರೈಲ್ ಗ್ಲೌಸ್ ಹಾಕಿ. ಬೆರಳಿನ ಜಿಡ್ಡು ನೆಗೆಟಿವ್ ಮೇಲೆ ಕೂತರೆ ಹೋಗುವುದಿಲ್ಲ.

ರಬ್ಬರ್ ಬ್ಯಾಂಡ್, ಪಿನ್ನು, ಕ್ಲಿಪ್ಪು ನಿಧಾನವಾಗಿ ತೆಗೆಯಿರಿ. ಸೆಲ್ಲೋಟೇಪ್ ಅಂಟಿದ್ದರೆ ಕೀಳಬೇಡಿ. ಒಂದಕ್ಕೊಂದು ಅಂಟಿಕೊಂಡ ಪ್ರಿಂಟುಗಳನ್ನೂ ಎಳೆಯಬೇಡಿ. ಎಳೆದರೆ ಮೇಲಿನ ಜೆಲಟಿನ್ ಪದರವೇ ಕಿತ್ತು ಬರುತ್ತದೆ, ಅದರ ಜೊತೆ ಮುಖವೂ. ಅಂಥವನ್ನು ಬೇರೆ ಇಡಿ, ತಜ್ಞರಿಗೆ ತೋರಿಸಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ರಕ್ಷಣೆಯ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ.

ಕೊನೆಗೆ ಪ್ರತಿ ಫೋಟೋಗೂ ಒಂದು ಕ್ರಮಸಂಖ್ಯೆ. ದಪ್ಪ ಕಾಗದದ ಪ್ರಿಂಟಾದರೆ ಹಿಂಬದಿಯ ಅಂಚಿನಲ್ಲಿ 2ಬಿ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. 70ರ ದಶಕದಿಂದೀಚಿನ ಪ್ಲಾಸ್ಟಿಕ್ ಲೇಪನದ ಕಾಗದದ ಮೇಲೆ ಪೆನ್ಸಿಲ್ ನಿಲ್ಲುವುದಿಲ್ಲ. ಆಗ ಕವರಿನ ಮೇಲೆ ಬರೆಯಿರಿ. ಬಾಲ್ ಪೆನ್ ಬೇಡವೇ ಬೇಡ, ಒತ್ತಿದ ಗೆರೆ ಮುಂದೆ ಮೂಡುತ್ತದೆ.

ಹಂತ 2: ಯಾವುದಕ್ಕೆ ಅವಸರ ಅಂತ ನೋಡಿ

ಎಲ್ಲವೂ ಒಂದೇ ವೇಗದಲ್ಲಿ ಹಾಳಾಗುವುದಿಲ್ಲ. ಹಳೆಯದೇ ಮೊದಲು ಹೋಗುತ್ತದೆ ಅಂದುಕೊಂಡರೆ ತಪ್ಪಾಗುತ್ತದೆ.

ಮೂಗಿನಿಂದ ಶುರುಮಾಡಿ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ಹುಳಿ ವಾಸನೆ ಬಂತಾ? ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲ್ಮು ಕೊಳೆಯುತ್ತಿರುವ ಲಕ್ಷಣ. ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಆ ಹುಳಿಯ ಆವಿ ಪಕ್ಕದ ಫಿಲ್ಮುಗಳನ್ನೂ ಕೆಡಿಸುತ್ತದೆ. ಆ ಡಬ್ಬಿಯನ್ನು ಉಳಿದವುಗಳಿಂದ ದೂರ ಇಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಎ-ಡಿ ಸ್ಟ್ರಿಪ್ ಅನ್ನುವ ಸಣ್ಣ ನೀಲಿ ಕಾಗದದ ಪಟ್ಟಿಗಳು ಸಿಗುತ್ತವೆ. ಡಬ್ಬಿಯೊಳಗೆ ಇಟ್ಟರೆ ಆಮ್ಲ ಹೆಚ್ಚಿದಂತೆ ಹಸಿರಾಗಿ, ಆಮೇಲೆ ಹಳದಿಯಾಗುತ್ತವೆ.

1950ರ ದಶಕದ ಆರಂಭಕ್ಕಿಂತ ಹಿಂದಿನ ಫಿಲ್ಮಾಗಿದ್ದರೆ ಎಚ್ಚರ ಬೇಕು. ಅದು ನೈಟ್ರೇಟ್ ಎಂಬ ಹಳೆಯ ಬಗೆಯ ಫಿಲ್ಮು ಇರಬಹುದು. ಬೇಗ ಬೆಂಕಿ ಹತ್ತುತ್ತದೆ, ಹತ್ತಿದರೆ ನೀರು ಸುರಿದರೂ ಆರುವುದಿಲ್ಲ. ಅಂಚಿನಲ್ಲಿ ಇಂಗ್ಲಿಷಿನಲ್ಲಿ "ಸೇಫ್ಟಿ" ಅಂತ ಅಚ್ಚಾಗಿದ್ದರೆ ಸಾಮಾನ್ಯವಾಗಿ ನೈಟ್ರೇಟ್ ಅಲ್ಲ. "ನೈಟ್ರೇಟ್" ಅಂತ ಇದ್ದರೆ, ಅಥವಾ ಫಿಲ್ಮು ಅಂಟಂಟಾಗಿ ಕಂದು ಪುಡಿ ಉದುರುತ್ತಿದ್ದರೆ, ಮನೆಯಿಂದ ಹೊರಗೆ ತಂಪಾದ, ಗಾಳಿಯಾಡುವ ಜಾಗದಲ್ಲಿಟ್ಟು ತಜ್ಞರನ್ನು ಕರೆಯಿರಿ.

ಎರಡನೆಯ ಅವಸರ ಬಣ್ಣದ ಫೋಟೋಗಳಿಗೆ. 70, 80ರ ದಶಕದ ಕಲರ್ ಪ್ರಿಂಟುಗಳು ಕತ್ತಲಲ್ಲಿಟ್ಟರೂ ಬಣ್ಣ ಬಿಡುತ್ತವೆ.

ಮೂರನೆಯದು ತುಂಬ ಜನರ ಗಮನಕ್ಕೇ ಬರುವುದಿಲ್ಲ. 2000ದ ಆಸುಪಾಸಿನ ಸಿಡಿಗಳು. ಪತ್ರಿಕೆಗಳು ಆಗಷ್ಟೇ ಡಿಜಿಟಲ್ ಕ್ಯಾಮೆರಾಕ್ಕೆ ಬಂದಿದ್ದವು. ಫೋಟೋಗಳನ್ನು ಸಿಡಿಗೆ ಹಾಕಿ ಡ್ರಾಯರಿನಲ್ಲಿ ಇಟ್ಟರು. ಆ ಸಿಡಿಗಳು ಈಗ ಓದುವುದನ್ನೇ ನಿಲ್ಲಿಸುತ್ತಿವೆ. ಅವುಗಳಿಗೆ ನೆಗೆಟಿವ್ ಇಲ್ಲ, ಪ್ರಿಂಟೂ ಇಲ್ಲ. 1956ರ ಏಕೀಕರಣದ ಮೆರವಣಿಗೆಯ ಪ್ರಿಂಟ್ ಇನ್ನೂ ಹತ್ತು ವರ್ಷ ಕಾಯುತ್ತದೆ, 2002ರ ಬರಗಾಲದ ಸಿಡಿ ಕಾಯುವುದಿಲ್ಲ. ಇವತ್ತೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ.

ಹಂತ 3: ಸ್ಕ್ಯಾನ್, ಎರಡೂ ಬದಿ

ಹಾಳೆ ತಾನೇ ಎಳೆದುಕೊಳ್ಳುವ ಆಫೀಸ್ ಸ್ಕ್ಯಾನರ್ ಬೇಡ. ಪ್ರಿಂಟ್ ಬಗ್ಗಿ ಒಡೆಯುತ್ತದೆ. ಗಾಜಿನ ಮೇಲೆ ಇಟ್ಟು ಮುಚ್ಚುವ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ನೆಗೆಟಿವ್ ಕೂಡ ಇದ್ದರೆ ಮುಚ್ಚಳದಲ್ಲಿ ದೀಪ ಇರುವಂಥದ್ದು ಬೇಕು. ಎಪ್ಸನ್‌ನ ವಿ600, ವಿ850 ಆ ಬಗೆಯವು.

ಎಂಟು ಬೈ ಹತ್ತು ಪ್ರಿಂಟಿಗೆ ಇಂಚಿಗೆ 600 ಚುಕ್ಕಿ ಇಡಿ. 35 ಎಂಎಂ ನೆಗೆಟಿವ್‌ಗೆ 3000ದಿಂದ 4000. ಕಪ್ಪು-ಬಿಳುಪು ಪ್ರಿಂಟನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡುವುದು ಒಳ್ಳೆಯದು. ಕೆಂಪು ಪೆನ್ಸಿಲ್ ಗೆರೆ, ನೇರಳೆ ಸೀಲು, ರೀಟಚ್ ಮಾಡಿದ ಬಿಳಿ ಬಣ್ಣ ಎಲ್ಲ ಆಗಲೇ ಬೇರೆ ಬೇರೆಯಾಗಿ ಕಾಣುವುದು. ಹೀಗೆ ಮಾಡಿದ ಒಂದು ಫೈಲು ಸುಮಾರು 86 ಎಂಬಿ ಆಗುತ್ತದೆ. ಸಾವಿರ ಫೋಟೋ, ಎರಡೂ ಬದಿ ಅಂದರೆ 170 ಜಿಬಿ ಮೇಲೆ. ಈಗಿನ ಹಾರ್ಡ್ ಡಿಸ್ಕಿಗೆ ಇದು ಜಾಸ್ತಿ ಏನಲ್ಲ.

ಮೂಲ ಫೈಲನ್ನು ಟಿಫ್ (ಚಿತ್ರದ ವಿವರ ಕಳೆಯದೆ ಉಳಿಸುವ ಫೈಲಿನ ಬಗೆ) ಆಗಿ ಉಳಿಸಿ. ಅದನ್ನು ಮತ್ತೆ ಮುಟ್ಟಬೇಡಿ. ಹಂಚಲು, ನೋಡಲು ಬೇರೆ ಚಿಕ್ಕ ಜೆಪೆಗ್ ಫೈಲು ಮಾಡಿಕೊಳ್ಳಿ. ಬಿರುಕು ಮುಚ್ಚುವುದು, ಮುಖ ಹೊಳೆಯಿಸುವುದು, ಎಐ ಬಳಸಿ ಬಣ್ಣ ಹಚ್ಚುವುದು ಯಾವುದೂ ಮೂಲದಲ್ಲಿ ಆಗಬಾರದು. ಬಣ್ಣ ಹಚ್ಚುವ ತಂತ್ರಾಂಶ ಸೀರೆಯ ಬಣ್ಣವನ್ನು ಊಹಿಸುತ್ತದೆ, ಬಾವುಟದ ಬಣ್ಣವನ್ನೂ ಊಹಿಸುತ್ತದೆ. ನಾಳೆ ಒಬ್ಬ ವಿದ್ಯಾರ್ಥಿ ಅದನ್ನೇ ನಿಜ ಅಂದುಕೊಂಡು ಪ್ರಬಂಧ ಬರೆದರೆ?

ಫೋಟೋದ ಹಿಂಬದಿ ಖಾಲಿ ಕಂಡರೂ ಸ್ಕ್ಯಾನ್ ಮಾಡಿ. ನ್ಯೂಯಾರ್ಕ್ ಟೈಮ್ಸ್ ತನ್ನ ಲಕ್ಷಾಂತರ ಹಳೆಯ ಫೋಟೋಗಳನ್ನು 2018ರಲ್ಲಿ ಗೂಗಲ್ ಜೊತೆ ಸೇರಿ ಡಿಜಿಟಲ್ ಮಾಡಲು ಹೊರಟಾಗ ಹಿಂಬದಿಯನ್ನೂ ಸೇರಿಸಿಕೊಂಡಿತು. ಹಿಂದೆ ಬರೆದದ್ದನ್ನು ಕಂಪ್ಯೂಟರ್ ಓದಿದರೆ ಹುಡುಕಲು ಸುಲಭ. ಆ ಸಂಗ್ರಹ ಇದ್ದ ನೆಲಮಾಳಿಗೆಗೆ ಅದಕ್ಕೂ ಮೂರು ವರ್ಷ ಮೊದಲು ಪೈಪ್ ಒಡೆದು ನೀರು ನುಗ್ಗಿತ್ತು.

ಫೈಲಿನ ಹೆಸರಿನಲ್ಲಿ ಘಟನೆ, ಊರು ಏನೂ ಬೇಡ. ಕ್ರಮಸಂಖ್ಯೆ ಸಾಕು: 0042-ಎ ಮುಂಬದಿ, 0042-ಬಿ ಹಿಂಬದಿ. ಅಕ್ಷರಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಹಾಕಿ, ಎಲ್ಲ ಕಂಪ್ಯೂಟರಿಗೂ ಅದು ಸಲೀಸು. ಘಟನೆಯ ಬಗ್ಗೆ ನಮ್ಮ ತಿಳಿವಳಿಕೆ ಬದಲಾಗಬಹುದು, ಸಂಖ್ಯೆ ಬದಲಾಗಬಾರದು.

ಹಂತ 4: ಬರೆದಿಡಿ, ಕೇಳಿ ಬರೆದಿಡಿ

ಇದಕ್ಕೆ ಹೆಚ್ಚು ಸಮಯ ಕೊಡಿ. ಒಂದು ಎಕ್ಸೆಲ್ ಹಾಳೆ ಸಾಕು. ಸಂಖ್ಯೆ, ಹಿಂಬದಿಯ ಬರಹ ಇದ್ದದ್ದು ಇದ್ದ ಹಾಗೆ, ನಾವು ಬರೆದ ವಿವರ, ಊರು, ಘಟನೆಯ ದಿನ, ಪ್ರಕಟವಾದ ದಿನ, ಫೋಟೋ ತೆಗೆದವರು, ಹಕ್ಕು ಯಾರದು, ಈ ಮಾಹಿತಿ ಯಾರು ಕೊಟ್ಟರು.

ಘಟನೆಯ ದಿನ, ಪ್ರಕಟವಾದ ದಿನ ಎರಡೂ ಯಾಕೆ ಅಂದರೆ, ಆಗಿನ ಕಾಲದಲ್ಲಿ ಊರಿನಿಂದ ಫೋಟೋ ಬರುತ್ತಿದ್ದದ್ದು ಬಸ್ಸಿನಲ್ಲಿ. ಫೋಟೋ ತೆಗೆದವರು ರಾತ್ರಿ ಪ್ರಿಂಟ್ ಹಾಕಿ, ಕವರನ್ನು ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಮಳೆಗಾಲದಲ್ಲಿ ಘಾಟಿ ಕುಸಿದರೆ ಕವರು ಎರಡು ಮೂರು ದಿನ ತಡ. ಸೀಲಿನ ತಾರೀಕನ್ನೇ ಘಟನೆಯ ತಾರೀಕು ಅಂದುಕೊಂಡು ನಾನೇ ಶುರುವಿನಲ್ಲಿ ಎಷ್ಟೋ ಫೋಟೋಗಳಿಗೆ ತಪ್ಪು ದಿನ ಹಾಕಿದ್ದೆ. ಆಮೇಲೆ ಬೈಂಡ್ ಮಾಡಿದ ಹಳೆಯ ಸಂಪುಟಗಳನ್ನು ಒಂದೊಂದಾಗಿ ತಿರುವಿ, ವರದಿ ಓದಿ ತಿದ್ದಬೇಕಾಯಿತು.

ಹಿಂದೆ ಏನೂ ಬರೆದಿರದಿದ್ದರೆ ಚಿತ್ರದೊಳಗೇ ಹುಡುಕಿ. ವಿಧಾನಸೌಧ ಅರ್ಧ ಎದ್ದು ನಿಂತಿದ್ದರೆ ಆ ಫೋಟೋ 1951ರಿಂದ 1956ರ ಒಳಗಿನದು. ಅಂಗಡಿ ಬೋರ್ಡಿನಲ್ಲಿ ಆರಂಕಿಯ ಪಿನ್ ಕೋಡ್ ಕಂಡರೆ 1972ರ ಆಗಸ್ಟ್ ನಂತರದ್ದು. ವಾಹನದ ನಂಬರ್ "ಕೆಎ" ಎಂದು ಶುರುವಾದರೆ 1989ಕ್ಕಿಂತ ಹಿಂದಿನದಲ್ಲ. ಸರ್ಕಾರಿ ಬೋರ್ಡಿನಲ್ಲಿ "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು ಬರೆಸಿದ್ದು. ಗೋಡೆಯ ಮೇಲಿನ ಚುನಾವಣಾ ಚಿಹ್ನೆ ಇನ್ನೂ ಒಳ್ಳೆಯ ಸುಳಿವು. ಕಾಂಗ್ರೆಸ್ಸಿನ ಜೋಡೆತ್ತು 1969ರ ಒಡಕಿನವರೆಗೆ. ಇಂದಿರಾ ಗಾಂಧಿಯವರ ಪಕ್ಷಕ್ಕೆ ಹಸು-ಕರು ಬಂದದ್ದು 1971ರ ಚುನಾವಣೆಗೆ, ಕೈ ಬಂದದ್ದು 1978ರಲ್ಲಿ. ಆದರೆ ಹಳೆಯ ಬೋರ್ಡು, ಗೋಡೆ ಬರಹ ಎಷ್ಟೋ ವರ್ಷ ಅಳಿಸದೆ ಉಳಿದಿರುತ್ತವೆ ಅಲ್ವಾ? ಹಾಗಾಗಿ ಹಸು-ಕರು ಕಂಡರೆ "1971ಕ್ಕಿಂತ ಹಿಂದಿನದಲ್ಲ" ಅಂತ ಮಾತ್ರ ಬರೆಯಿರಿ.

ಇನ್ನು ಜನರನ್ನು ಕೇಳುವುದು. ನಿವೃತ್ತ ವರದಿಗಾರರು, ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ಡಾರ್ಕ್ ರೂಮಿನಲ್ಲಿ ಕೆಲಸ ಮಾಡಿದವರು, ಊರಿನ ಮೇಷ್ಟ್ರು, ಬಸ್ ಏಜೆಂಟರು. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ, ಮೊಬೈಲ್ ಪರದೆಯಲ್ಲಿ ವಯಸ್ಸಾದವರಿಗೆ ಕಾಣುವುದಿಲ್ಲ. "ಇವರು ಯಾರು?" ಅಂತ ನೇರವಾಗಿ ಕೇಳಿದರೆ ಕೆಲವರು ಗಾಬರಿಯಾಗುತ್ತಾರೆ. "ಇದು ಯಾವ ಬೀದಿ ಇರಬಹುದು?" ಅಂತ ಶುರುಮಾಡಿ. ಬೀದಿ ನೆನಪಾದರೆ ಅಂಗಡಿ ನೆನಪಾಗುತ್ತದೆ, ಅಂಗಡಿ ನೆನಪಾದರೆ ಅದರ ಮುಂದೆ ನಿಂತವರು. ಒಪ್ಪಿದರೆ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರ ಹತ್ತಿರ ಖಚಿತ ಮಾಡಿಕೊಳ್ಳುವವರೆಗೆ "ಇರಬಹುದು" ಅಂತಲೇ ಬರೆಯಿರಿ.

ಹಳೆಯ ಅಡಿಬರಹದ ಕಾಗುಣಿತ ತಪ್ಪಾಗಿದ್ದರೂ ತಿದ್ದಬೇಡಿ. ಅದು ಆ ಕಾಲದ ದಾಖಲೆ. ಇವತ್ತು ಯಾರೂ ಬಳಸಬಾರದ ಜಾತಿಸೂಚಕ ಪದ ಅದರಲ್ಲಿ ಇರಬಹುದು. ಮೂಲ ಬರಹದ ಕಾಲಂನಲ್ಲಿ ಅದು ಇರಲಿ, ನೀವು ಬರೆಯುವ ವಿವರದಲ್ಲಿ ಬೇಡ. ಊರಿನ ಹೆಸರು ಬದಲಾಗಿದ್ದರೆ ಎರಡನ್ನೂ ಕೊಡಿ. ಗುಲ್ಬರ್ಗಾ ಅಂತ ಹುಡುಕಿದವರಿಗೂ ಕಲಬುರಗಿ ಅಂತ ಹುಡುಕಿದವರಿಗೂ ಅದೇ ಫೋಟೋ ಸಿಗಬೇಕು.

ಒಂದು ಮಾತು ಒತ್ತಿ ಹೇಳುತ್ತೇನೆ. ಕನ್ನಡದಲ್ಲಿ ಬರೆಯುವಾಗ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮಾತ್ರ ಬಳಸಿ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಅಂಥ ಪಟ್ಟಿ ನಿಮ್ಮಲ್ಲಿ ಇದ್ದರೆ ಈಗಲೇ ಪರಿವರ್ತಕ ಬಳಸಿ ಬದಲಾಯಿಸಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯಾ ಅಂತ ಕಣ್ಣಾರೆ ನೋಡಿ.

ಹಂತ 5: ಮೂಲವನ್ನು ಇಡುವ ಜಾಗ

ಸ್ಕ್ಯಾನ್ ಆಯಿತಲ್ಲ ಅಂತ ಮೂಲ ಎಸೆಯಬೇಡಿ. ಪ್ರಿಂಟಿನ ಕಾಗದ, ಸೀಲು, ಗೆರೆ ಎಲ್ಲವೂ ಸಂಶೋಧಕರಿಗೆ ಬೇಕು.

ಫೋಟೋಗೆ ಬೇಕಾದದ್ದು ತಂಪು, ಕತ್ತಲು, ಒಣ ಹವೆ. ಗಾಳಿಯ ತೇವ ಶೇ 30ರಿಂದ 50ರ ಒಳಗೆ ಇರಬೇಕು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಇದು 90 ದಾಟುತ್ತದೆ. ಬೂಷ್ಟು ಬರುವುದು ಆಗಲೇ. ಒಂದು ಸಣ್ಣ ತೇವಮಾಪಕ ಕೊಂಡು ಬೀರುವಿನೊಳಗೆ ಇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಕಲಬುರಗಿ, ರಾಯಚೂರಿನ ಕಡೆ ತೊಂದರೆ ಬಿಸಿಲಿನದು. ತಾರಸಿಯ ಕೆಳಗಿನ ಕೋಣೆ ಬೇಡ.

ಮರದ ಬೀರುವಿಗಿಂತ ಕಬ್ಬಿಣದ ಬೀರು ಮೇಲು. ಗೋಡೆಗೆ ತಾಗಿಸದೆ, ನೆಲದಿಂದ ಅರ್ಧ ಅಡಿ ಎತ್ತರಿಸಿ ಇಡಿ. ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ. ಮೇಲೆ ನೀರಿನ ಪೈಪ್ ಹಾದುಹೋಗಿದೆಯಾ ನೋಡಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಫೋಟೋಗೂ ಒಳ್ಳೆಯದಲ್ಲ, ನಿಮಗೂ ಒಳ್ಳೆಯದಲ್ಲ.

ಕವರು ಆಮ್ಲವಿಲ್ಲದ ಕಾಗದದ್ದಾಗಿರಲಿ, ಇಲ್ಲವೇ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್. ಹೊಸ ರೆಕ್ಸಿನ್ ವಾಸನೆ ಬರುವ ಪಿವಿಸಿ ಹಾಳೆ, ಅಂಟಿನ ಪುಟದ ಆಲ್ಬಮ್ ಎರಡೂ ಬೇಡ.

ನೆರೆ ಬಂದರೆ? 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಮನೆಮನೆಗಳಲ್ಲಿ ಆಲ್ಬಮ್ಮುಗಳು ನೆನೆದವು. ನೆನೆದ ಪ್ರಿಂಟುಗಳನ್ನು ಕಟ್ಟಿನಲ್ಲೇ ಒಣಗಲು ಬಿಟ್ಟರೆ ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ. ಒದ್ದೆ ಇರುವಾಗಲೇ ತಣ್ಣೀರಿನಲ್ಲಿ ಮೆಲ್ಲಗೆ ಬಿಡಿಸಿ, ಕೆಸರು ತೊಳೆದು, ಮುಖ ಮೇಲಾಗಿ ನೆರಳಲ್ಲಿ ಹರಡಿ. ಬಿಸಿಲು, ಡ್ರೈಯರ್ ಬೇಡ. ಎರಡು ದಿನದಲ್ಲಿ ಬೂಷ್ಟು ಹತ್ತುತ್ತದೆ. ಅಷ್ಟರಲ್ಲಿ ಮುಗಿಯದಷ್ಟು ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಆಮೇಲೆ ಸ್ವಲ್ಪಸ್ವಲ್ಪವೇ ತೆಗೆದು ಒಣಗಿಸಬಹುದು.

ಡಿಜಿಟಲ್ ಪ್ರತಿ ಮೂರು ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ.

ಹಂತ 6: ಹಕ್ಕು ಮತ್ತು ಮರ್ಯಾದೆ

ಪ್ರಿಂಟ್ ನಿಮ್ಮ ಕೈಯಲ್ಲಿದೆ ಅಂದ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ಮೇಲಿದ್ದ ಛಾಯಾಗ್ರಾಹಕರು ತೆಗೆದ ಫೋಟೋವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಬೇರೆ ಒಪ್ಪಂದ ಇರದಿದ್ದರೆ ಉಳಿದ ಹಕ್ಕು ಛಾಯಾಗ್ರಾಹಕರದೇ. 2012ರ ತಿದ್ದುಪಡಿಗೆ ಮೊದಲು ಫೋಟೋದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತಿತ್ತು. ಈಗ ತೆಗೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ತುಂಬ ಹಳೆಯವುಗಳ ಹಕ್ಕು ಮುಗಿದಿರಬಹುದು. ಆನ್‌ಲೈನ್‌ಗೆ ಹಾಕುವ ಮೊದಲು ತಿಳಿದ ವಕೀಲರನ್ನು ಕೇಳಿ. ಕುಟುಂಬದವರಿಂದ ಒಂದು ಪುಟದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ: ಪಾಠಕ್ಕೆ, ಸಂಶೋಧನೆಗೆ, ಆನ್‌ಲೈನ್‌ಗೆ, ಪುಸ್ತಕಕ್ಕೆ, ಯಾವುದಕ್ಕೆ ಒಪ್ಪಿಗೆ ಅಂತ ಬೇರೆ ಬೇರೆಯಾಗಿ. ಮಕ್ಕಳೆಲ್ಲರ ಸಹಿ ಇರಲಿ.

ಕಾನೂನಿಗಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಗಲಭೆ, ಅಪಘಾತ, ಕೊಲೆ ನಡೆದ ಜಾಗದ ಫೋಟೋಗಳು ಪತ್ರಿಕೆಯ ಸಂಗ್ರಹದಲ್ಲಿ ತುಂಬ ಇರುತ್ತವೆ. ಸತ್ತವರ ಮನೆಯವರು ಅದೇ ಊರಿನಲ್ಲಿದ್ದಾರೆ. ಅವನ್ನು ನಾಶ ಮಾಡಬೇಡಿ, ಎಲ್ಲರಿಗೂ ತೆರೆದಿಡಬೇಡಿ. ಲಿಖಿತ ಮನವಿ ಕೊಟ್ಟ ಸಂಶೋಧಕರಿಗೆ ಮಾತ್ರ ತೋರಿಸಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಫೋಟೋ ಎಷ್ಟು ಹಳೆಯದಾದರೂ ಈ ಎಚ್ಚರ ಬಿಡಬೇಡಿ.

ಹಂತ 7: ತರಗತಿಗೆ ತೆಗೆದುಕೊಂಡು ಹೋಗಿ

ಸೇತುವೆಯ ಫೋಟೋವನ್ನು ನಾನು ಅದೇ ತಾಲ್ಲೂಕಿನ ಹೈಸ್ಕೂಲಿಗೆ ಕೊಂಡೊಯ್ದೆ. ಮೊದಲು ಪತ್ರಿಕೆಯಲ್ಲಿ ಬಂದ ಭಾಗವನ್ನಷ್ಟೇ ತೋರಿಸಿ, ಸೇತುವೆ ಯಾರು ಕಟ್ಟಿದರು ಅಂತ ಕೇಳಿದೆ. ಮಕ್ಕಳು ಮಂತ್ರಿಗಳ ಹೆಸರು ಹೇಳಿದರು. ಆಮೇಲೆ ಪೂರ್ತಿ ಪ್ರಿಂಟ್ ತೋರಿಸಿದೆ. ತರಗತಿ ಸ್ವಲ್ಪ ಹೊತ್ತು ಸುಮ್ನಾಯಿತು. ಒಬ್ಬಳು ಹುಡುಗಿ ಕೇಳಿದಳು, "ಇವರನ್ನ ಯಾಕೆ ಬಿಟ್ರು ಸಾರ್?" ಅಲ್ಲಿಂದ ಪಾಠ ತಾನಾಗಿ ನಡೆಯಿತು. ಯಾರು ಕತ್ತರಿಸಿದರು, ಮೂರು ಕಾಲಂನಲ್ಲಿ ಎಷ್ಟು ಹಿಡಿಯುತ್ತದೆ, ವರದಿಯಲ್ಲಿ ಕೂಲಿಯ ಮಾತು ಇದೆಯಾ.

ನೀವೂ ಹೀಗೆ ಮಾಡಿ. ಅಡಿಬರಹ ಇಲ್ಲದೆ ಚಿತ್ರ ಕೊಡಿ, ಕಂಡದ್ದನ್ನು ಮಾತ್ರ ಬರೆಯಲಿ. ಆಮೇಲೆ ಹಿಂಬದಿ, ಆಮೇಲೆ ಪತ್ರಿಕೆಯ ಪುಟ. ಒಂದೊಂದು ಸಲವೂ ತಮ್ಮ ಬರಹವನ್ನು ತಾವೇ ತಿದ್ದಿಕೊಳ್ಳಲಿ. ಫೋಟೋದ ಒಂದು ನೆರಳಚ್ಚು ಪ್ರತಿಯನ್ನು ಮನೆಗೆ ಕಳಿಸಿ, ಅಜ್ಜ-ಅಜ್ಜಿಗೆ ತೋರಿಸಲಿ.

ಆ ಶಾಲೆಯಿಂದ ಹತ್ತು ದಿನದ ಮೇಲೆ ಮೇಷ್ಟ್ರು ಫೋನ್ ಮಾಡಿದರು. ಎಡದಿಂದ ಮೂರನೆಯವರನ್ನು ಒಬ್ಬ ಹುಡುಗನ ಅಜ್ಜಿ ಗುರುತಿಸಿದ್ದರು. ಅವರ ಅತ್ತೆಯಂತೆ. ಆ ಭಾನುವಾರವೇ ಬಸ್ಸು ಹತ್ತಿ ಹೋದೆ. ಅಜ್ಜಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಬಾಂಡ್ಲಿಯ ಮೇಲೆ ಬೆರಳಿಟ್ಟು, ಅದು ಈಗಲೂ ಹಿತ್ತಲಿನಲ್ಲಿದೆ ಅಂದರು. ಎಕ್ಸೆಲ್ ಹಾಳೆಯ 0042ರ ಸಾಲಿನಲ್ಲಿ ಈಗ ಮಂತ್ರಿಗಳ ಹೆಸರಿನ ಪಕ್ಕ ಇನ್ನೊಂದು ಹೆಸರಿದೆ. ಮಾಹಿತಿ ಕೊಟ್ಟವರು ಅನ್ನುವ ಕಾಲಂನಲ್ಲಿ "ಸೊಸೆ" ಅಂತ ಬರೆದಿದ್ದೇನೆ.